ಹಳೆ ಯಂತ್ರದ ಪರ ಸಾಕ್ಷಿ ಹೇಳುವವರು ಯಾರು?

(ಸಾಂಗ್ಲಿವಾಡಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಗಡಿನಾಡಿನ ದತ್ತಿ ಉಪನ್ಯಾಸ ಎಂದರೆ ವಚನ, ದಾಸರ ಪದ, ಇಲ್ಲವೇ ಗಡಿ ಕನ್ನಡಿಗರ ಸ್ಥಿತಿಗತಿ ಎಂಬುದು ರೂಢಿ. ನಾನು ಆರಿಸಿಕೊಂಡ ವಿಷಯ ಕೇಳಿ ಸಂಘಟಕರು, "ಕರ್ನೆಲ್ ಅಂದ್ರ ಇಲ್ಲಿ ಯಾರಿಗ್ ತಿಳೀತದ್ರೀ ಸರ?" ಎಂದರು. ತಿಳಿಯದಿರಲು ಕಾರಣವಿಲ್ಲ. ಇಲ್ಲಿ ಕೂತವರ ಮನೆಯಲ್ಲೋ ಅಂಗಡಿಯಲ್ಲೋ ಶಾಲೆಯಲ್ಲೋ ಸೊಸೈಟಿಯಲ್ಲೋ ಒಂದು ಹಳೆ ಕಂಪ್ಯೂಟರ್ ಇದ್ದೇ ಇರುತ್ತದೆ. ಅದು ಇನ್ನೆಷ್ಟು ವರ್ಷ ನಡೆಯಬೇಕು ಎಂಬುದನ್ನು ನಾವು ಕಾಣದ ಕೆಲವರು ತೀರ್ಮಾನಿಸುತ್ತಾರೆ. ಹೇಗೆ ತೀರ್ಮಾನಿಸುತ್ತಾರೆ, ಆ ತೀರ್ಮಾನದಲ್ಲಿ ನಮ್ಮ ಮಾತಿಗೆ ಜಾಗ ಎಲ್ಲಿದೆ ಎಂಬುದಷ್ಟೇ ಇಂದಿನ ವಿಷಯ.

ಕರ್ನೆಲ್ ಎಂದರೇನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನೀವು ಪತ್ರ ಬರೆಯುವ, ಲೆಕ್ಕ ಹಾಕುವ ತಂತ್ರಾಂಶಗಳು ಯಂತ್ರವನ್ನು ನೇರವಾಗಿ ಮುಟ್ಟುವುದಿಲ್ಲ. ಮೆಮೊರಿಯಲ್ಲಿ ಯಾರಿಗೆ ಎಷ್ಟು ಜಾಗ, ಪ್ರೊಸೆಸರ್ ಯಾರ ಕೆಲಸವನ್ನು ಎಷ್ಟು ಹೊತ್ತು ಮಾಡಬೇಕು, ಕೀಲಿಮಣೆ, ಡಿಸ್ಕು, ಪ್ರಿಂಟರುಗಳ ಜೊತೆ ಯಾವ ಭಾಷೆಯಲ್ಲಿ ವ್ಯವಹರಿಸಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವುದು ಆಪರೇಟಿಂಗ್ ಸಿಸ್ಟಮ್ಮಿನ ಒಳತಿರುಳು. ಅದೇ ಕರ್ನೆಲ್. ಇಂದು ಮುಖ್ಯವಾಗಿ ಮಾತಾಡುವುದು ಲಿನಕ್ಸ್ ಕರ್ನೆಲ್ ಬಗ್ಗೆ. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರುಮಾಡಿದ ಈ ಕರ್ನೆಲ್‌ನ ಒಳಗನ್ನು ಯಾರು ಬೇಕಾದರೂ ಓದಬಹುದು. ಹಾಗಾಗಿ ಹಳೆ ಯಂತ್ರಗಳನ್ನು ಇಟ್ಟುಕೊಂಡದ್ದಕ್ಕೂ ಕೈಬಿಟ್ಟದ್ದಕ್ಕೂ ಅಲ್ಲಿ ಬಹಿರಂಗ ದಾಖಲೆ ಸಿಗುತ್ತದೆ.

ಕಾಟಾ ಕೋಣೆಯ ಕೇಬಲ್

ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಕಾಟಾ ಕೋಣೆಯೊಳಗೆ ಹೋಗಿ ನೋಡಿ. ಹೊರಗೆ ಡಬಲ್ ಟ್ರಾಲಿ ಹೂಡಿದ ಟ್ರ್ಯಾಕ್ಟರು ತೂಕದ ಹಾಸಿನ ಮೇಲೆ ನಿಂತಿರುತ್ತದೆ. ಒಳಗೆ ಒಂದು ಪೆಟ್ಟಿಗೆಯ ಮೇಲೆ ಕೆಂಪು ಅಂಕಿಗಳು ಸ್ವಲ್ಪ ಹೊತ್ತು ಕುಣಿದು ನಿಲ್ಲುತ್ತವೆ. ಆ ಪೆಟ್ಟಿಗೆಯ ಹಿಂಬದಿಯಿಂದ ಒಂಬತ್ತು ಪಿನ್ನಿನ ಕೇಬಲ್ ಹೊರಟು ಕಂಪ್ಯೂಟರಿಗೆ ಸೇರುತ್ತದೆ. ಆಪರೇಟರು ಗುಂಡಿ ಒತ್ತಿದರೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಕರಕರ ಸದ್ದು ಮಾಡಿ ಕಾರ್ಬನ್ ಹಾಳೆ ಇಟ್ಟ ಪಾವತಿ ಹೊಡೆಯುತ್ತದೆ. ಒಂದು ಪ್ರತಿ ರೈತನಿಗೆ, ಒಂದು ಕಚೇರಿಗೆ. ಲೇಸರ್ ಪ್ರಿಂಟರು ಒತ್ತಿ ಬರೆಯುವುದಿಲ್ಲವಾದ್ದರಿಂದ ಒಂದೇ ಹೊಡೆತಕ್ಕೆ ಕಾರ್ಬನ್ ಪ್ರತಿ ಕೊಡಲಾರದು. ಹೀಗಾಗಿ ಹಳೆ ಪ್ರಿಂಟರನ್ನು ಅಲ್ಲಿಂದ ಕದಲಿಸುವವರಿಲ್ಲ.

ಆ ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್ಲಿನಲ್ಲಿ ತೂಕದ ಅಂಕಿಗಳು ಒಂದರ ಹಿಂದೆ ಒಂದು ಬಿಟ್‌ಗಳಾಗಿ ಸಾಲುಗಟ್ಟಿ ಬರುತ್ತವೆ. ಅವನ್ನು ಹಿಡಿದು ಅಕ್ಷರ ಮಾಡಿ ಕೊಡುವ ಚಿಪ್ಪಿಗೆ 1981ರ ಮೊದಲ ಐಬಿಎಂ ಪಿಸಿಯಲ್ಲಿ 8250 ಎಂಬ ಸಂಖ್ಯೆ ಇತ್ತು. ಆ ಚಿಪ್ಪು ಮಾರುಕಟ್ಟೆಯಿಂದ ಮಾಯವಾಗಿ ಎಷ್ಟೋ ಕಾಲವಾಯಿತು. ಆದರೆ ಅದರ ಜೊತೆ ಮಾತಾಡುವ ಕ್ರಮವನ್ನೇ ಮುಂದಿನ ಚಿಪ್ಪುಗಳೂ ಅನುಸರಿಸಿದವು. ಇಂದಿನ ಲಿನಕ್ಸ್ ಕರ್ನೆಲ್‌ನಲ್ಲಿ ಸೀರಿಯಲ್ ಪೋರ್ಟಿನೊಂದಿಗೆ ವ್ಯವಹರಿಸುವ ಭಾಗಗಳು, ಅಂದರೆ ಡ್ರೈವರುಗಳು, ಇರುವ ಕೋಶದ ಹೆಸರು ಈಗಲೂ 8250. ಕೋಟಿಗಟ್ಟಲೆ ಬೆಲೆಯ ಸರ್ವರು ಕೆಟ್ಟು ಕೂತಾಗ ಎಂಜಿನಿಯರು ಅದರ ಕೊನೆಯ ಮಾತು ಕೇಳಿಸಿಕೊಳ್ಳುವುದು ಬಹುಪಾಲು ಇದೇ ದಾರಿಯಲ್ಲಿ. ಕಾಟಾ ಕೋಣೆಯ ಕೇಬಲ್ಲಿಗೂ ಡೇಟಾ ಸೆಂಟರಿನ ಸರ್ವರಿಗೂ ಒಂದೇ ಡ್ರೈವರು ದುಡಿಯುತ್ತಿದೆ. ಇದನ್ನು ತೆಗೆಯುವ ಮಾತು ಯಾರ ಬಾಯಲ್ಲೂ ಇಲ್ಲ.

ವಯಸ್ಸು ಲೆಕ್ಕಕ್ಕಿಲ್ಲ

ಹಾಗಾದರೆ ಯಾವ ಯಂತ್ರಗಳನ್ನು ತೆಗೆಯುತ್ತಾರೆ? ಹಳೆಯದಾದವನ್ನು ಎಂದು ನಾವು ಊಹಿಸುತ್ತೇವೆ. ದಾಖಲೆ ಬೇರೆ ಕಥೆ ಹೇಳುತ್ತದೆ.

ಇಂಟೆಲ್ ಮತ್ತು ಎಚ್‌ಪಿ ಕಂಪನಿಗಳು ಸೇರಿ ರೂಪಿಸಿದ ಇಟಾನಿಯಂ ಪ್ರೊಸೆಸರ್ 2001ರಲ್ಲಿ ಮಾರುಕಟ್ಟೆಗೆ ಬಂತು. ದೊಡ್ಡ ಬ್ಯಾಂಕುಗಳಿಗೆ, ದೂರಸಂಪರ್ಕ ಸಂಸ್ಥೆಗಳಿಗೆಂದು ಮಾಡಿದ ಭಾರಿ ಬೆಲೆಯ ಯಂತ್ರ. ಇಂಟೆಲ್ ಅದರ ಕೊನೆಯ ಸರಕನ್ನು 2021ರ ಜುಲೈನಲ್ಲಿ ಕಳಿಸಿತು. 2024ರ ಜನವರಿಯಲ್ಲಿ ಬಂದ ಲಿನಕ್ಸ್ 6.7ರಲ್ಲಿ ಇಟಾನಿಯಂ ಇರಲಿಲ್ಲ. ಕೊನೆಯ ಸರಕು ಹೊರಟು ಮೂರು ವರ್ಷವೂ ತುಂಬುವ ಮೊದಲೇ ಕರ್ನೆಲ್ ಅದನ್ನು ಕೈಬಿಟ್ಟಿತ್ತು.

ಇನ್ನೊಂದು ಕಡೆ ಮೊಟೊರೊಲಾದ 68000 ಕುಟುಂಬವಿದೆ. ಅದರ ಮೊದಲ ಚಿಪ್ಪು 1979ರದು. ಆ್ಯಪಲ್‌ನ ಮೊದಲ ಮ್ಯಾಕಿಂಟಾಷ್, ಅಮಿಗಾ, ಅಟಾರಿ ಇವೆಲ್ಲ ಆ ಕುಟುಂಬದ ಚಿಪ್ಪುಗಳ ಮೇಲೆ ನಡೆದವು. ಅಂಗಡಿಯಲ್ಲಿ ಇಂಥ ಕಂಪ್ಯೂಟರು ಮಾರುವುದು ನಿಂತು ದಶಕಗಳೇ ಸಂದಿವೆ. ಆದರೂ ಆ ಕುಟುಂಬ ಇಂದಿಗೂ ಕರ್ನೆಲ್‌ನಲ್ಲಿದೆ. ಬೆಲ್ಜಿಯಂನ ಗೀರ್ಟ್ ಒಯ್ಟರ್‌ಹೋವನ್ ಎಂಬವರು ದಶಕಗಳಿಂದ ಅದರ ಜವಾಬ್ದಾರಿ ಹೊತ್ತಿದ್ದಾರೆ. ಅವರ ಸುತ್ತ ಹಳೆ ಯಂತ್ರಗಳನ್ನು ಮನೆಯಲ್ಲಿ ಸುಸ್ಥಿತಿಯಲ್ಲಿಟ್ಟು ಹೊಸ ಕರ್ನೆಲ್ ಹಾಕಿ ನೋಡುವ ಒಂದು ಬಳಗವಿದೆ.

ನಲವತ್ತೈದು ದಾಟಿದ ಕುಟುಂಬ ಉಳಿಯಿತು, ಅರ್ಧ ವಯಸ್ಸಿನದು ಹೋಯಿತು. ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೇ: ಒಂದರ ಪರ ನಿಂತು, "ನನ್ನ ಹತ್ತಿರ ಈ ಯಂತ್ರ ಇದೆ, ಹೊಸ ಕರ್ನೆಲ್ ಹಾಕಿ ನೋಡಿದೆ, ಹೀಗಾಯಿತು" ಎಂದು ಹೇಳುವವರು ಇದ್ದರು. ಇನ್ನೊಂದಕ್ಕೆ ಅಂಥವರು ತೀರ ಕಡಿಮೆಯಾಗಿದ್ದರು. ಇಟಾನಿಯಂ ಕೊಂಡಿದ್ದ ದೊಡ್ಡ ಸಂಸ್ಥೆಗಳು ಹಳೆ ಕರ್ನೆಲ್ಲಿನಲ್ಲೇ ಉಳಿದವು, ಹೊಸದನ್ನು ಹಾಕಿ ನೋಡುವ ಗೋಜಿಗೆ ಹೋಗಲಿಲ್ಲ. 2018ರಲ್ಲಿ ಲಿನಕ್ಸ್ 4.17ರಿಂದ ಒಂದೇ ಸಲ ಎಂಟು ಬಗೆಯ ಪ್ರೊಸೆಸರುಗಳನ್ನು, ಕೋಡಿನ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಸಾಲುಗಳನ್ನು ತೆಗೆದದ್ದೂ ಇದೇ ಆಧಾರದ ಮೇಲೆ. ಅವನ್ನು ಹೊಸ ಕರ್ನೆಲ್ಲಿನೊಂದಿಗೆ ಬಳಸುವವರು ಕಾಣಿಸಲಿಲ್ಲ. ನ್ಯಾಯಾಲಯದ ಮಾತಿನಲ್ಲಿ ಹೇಳುವುದಾದರೆ, ಸಾಕ್ಷಿ ಹೇಳುವವರಿಲ್ಲದ ದಾವೆ ವಜಾ ಆಗುತ್ತದೆ.

ಮಿರಜ ಜಂಕ್ಷನ್ನಿನ ಲೆಕ್ಕ

ಇರುವುದನ್ನು ಇದ್ದಹಾಗೇ ಬಿಟ್ಟರೆ ಏನು ಖರ್ಚು, ತೆಗೆಯುವ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಇದಕ್ಕೆ ನಮ್ಮೂರಿನದೇ ಉದಾಹರಣೆ ಇದೆ.

ಇಲ್ಲಿನ ಹಿರಿಯರಿಗೆ ಮಿರಜ ಜಂಕ್ಷನ್ನಿನ ಮೂರು ಗೇಜುಗಳ ಕಾಲ ನೆನಪಿದೆ. ಪುಣೆ ಕಡೆಯಿಂದ ಬರುವ ಹಳಿ 1971ರಲ್ಲಿ ಬ್ರಾಡ್ ಗೇಜ್ ಆಯಿತು, ಅಗಲ ಐದೂವರೆ ಅಡಿ. ಲೋಂಡಾ, ಹುಬ್ಬಳ್ಳಿ ಕಡೆಗೆ ಹೋಗುವುದು ಒಂದು ಮೀಟರಿನ ಮೀಟರ್ ಗೇಜ್ ಆಗಿಯೇ ಉಳಿಯಿತು, 1990ರ ದಶಕದ ತನಕ. ಕುರ್ಡುವಾಡಿ, ಪಂಢರಪುರ ಕಡೆಯಿಂದ ಎರಡೂವರೆ ಅಡಿಯ ಬಾರ್ಸಿ ಲೈಟ್ ರೈಲು ಬರುತ್ತಿತ್ತು. 2000ದ ನಂತರವೂ ಕೆಲವು ವರ್ಷ ಅದು ಓಡಿತು. ಒಂದು ಹಳಿಯ ವ್ಯಾಗನ್ ಇನ್ನೊಂದರ ಮೇಲೆ ಹೋಗುವಂತಿರಲಿಲ್ಲ. ಮಾಲನ್ನು ಹಮಾಲರು ಇಳಿಸಬೇಕು, ಮತ್ತೆ ಏರಿಸಬೇಕು. ಹಳ್ಳಿಯ ಮೂಲೆಯಲ್ಲಿ ನ್ಯಾರೋ ಗೇಜ್ ಹಳಿ ಹಾಸಿಕೊಂಡಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಖರ್ಚು ಬೀಳುತ್ತಿದ್ದುದು ಮೂರೂ ಕೂಡುವ ಯಾರ್ಡಿನಲ್ಲಿ. ಅಲ್ಲಿ ಪ್ರತಿಯೊಂದು ಗೇಜಿಗೂ ಬೇರೆ ಹಳಿ, ಬೇರೆ ಎಂಜಿನ್, ಬೇರೆ ಶೆಡ್ಡು ಬೇಕಿತ್ತು. ಯಾರ್ಡಿನಲ್ಲಿ ಹೊಸದೇನು ಮಾಡಬೇಕೆಂದರೂ ಮೂರಕ್ಕೂ ಹೊಂದುವ ಹಾಗೆ ಯೋಚಿಸಬೇಕಿತ್ತು.

ಕರ್ನೆಲ್ಲಿನಲ್ಲೂ ಖರ್ಚಿನ ಲೆಕ್ಕ ಹೀಗೇ. ಒಂದು ಹಳೆ ನೆಟ್‌ವರ್ಕ್ ಕಾರ್ಡಿನ ಡ್ರೈವರು ತನ್ನ ಮೂಲೆಯಲ್ಲಿ ತಾನಿರುತ್ತದೆ. ಆ ಕಾರ್ಡು ಇದ್ದವರಿಗಷ್ಟೇ ಅದು ಬೇಕು, ಉಳಿದವರಿಗೆ ಅದು ಇರುವುದೇ ತಿಳಿಯದು. ಹಳೆ ಪ್ರೊಸೆಸರು ಮಾತ್ರ ಯಾರ್ಡಿನ ನಡುವೆ ಹಾದುಹೋಗುತ್ತದೆ.

386ರ ಪ್ರಸಂಗ ಇದಕ್ಕೆ ಒಳ್ಳೆಯ ದಾಖಲೆ. ಇಂಟೆಲ್ 1985ರಲ್ಲಿ ಹೊರತಂದ ಈ ಚಿಪ್ಪಿನ ಮೇಲೆಯೇ ಟೊರ್ವಾಲ್ಡ್ಸ್ ಲಿನಕ್ಸ್ ಬರೆದದ್ದು. ಅದರಲ್ಲಿ ಎರಡು ಕೊರತೆಗಳಿದ್ದವು. ಮೊದಲನೆಯದು ಒಂದು ಆದೇಶದ ಕೊರತೆ. ಮೆಮೊರಿಯ ಒಂದು ಜಾಗದಲ್ಲಿ ನಾನು ಆಗಲೇ ನೋಡಿದ ಬೆಲೆ ಇನ್ನೂ ಇದೆಯೇ ಎಂದು ಪರೀಕ್ಷಿಸಿ, ಇದ್ದರೆ ಮಾತ್ರ ಹೊಸ ಬೆಲೆ ಬರೆಯುವ ಕೆಲಸವನ್ನು ನಡುವೆ ಯಾರೂ ತೂರದಂತೆ ಒಂದೇ ಏಟಿಗೆ ಮುಗಿಸುವ ಆದೇಶ 486ರಲ್ಲಿ ಬಂತು. ಹಲವು ಪ್ರೊಸೆಸರುಗಳು ಒಟ್ಟಿಗೆ ದುಡಿಯುವ ಇಂದಿನ ಕರ್ನೆಲ್ ಹೆಜ್ಜೆಹೆಜ್ಜೆಗೂ ಈ ಆದೇಶವನ್ನು ನಂಬುತ್ತದೆ. 386ಕ್ಕಾಗಿ ಅದನ್ನು ಸುತ್ತುಬಳಸಿ ಮಾಡಬೇಕಿತ್ತು. ಎರಡನೆಯದು ಕಾವಲಿನ ಕೊರತೆ. "ಈ ಪುಟಕ್ಕೆ ಬರೆಯಬೇಡ" ಎಂದು ಗುರುತು ಹಾಕಿದ್ದರೂ, ಕರ್ನೆಲ್ ತಾನೇ ಬರೆಯುವಾಗ 386 ಅದನ್ನು ತಡೆಯುತ್ತಿರಲಿಲ್ಲ. ಹಾಗಾಗಿ ಪ್ರತಿ ಸಲವೂ ಕರ್ನೆಲ್ ಕೈಯಾರೆ ಪರೀಕ್ಷಿಸಿಕೊಳ್ಳಬೇಕಿತ್ತು. ಇವೆರಡೂ ಕರ್ನೆಲ್ಲಿನ ನಡುಮನೆಯ ವಿಷಯಗಳು.

2012ರ ಡಿಸೆಂಬರಿನಲ್ಲಿ ಕರ್ನೆಲ್ ಬರೆಯುವವರಲ್ಲಿ ಒಬ್ಬರಾದ ಇಂಗೋ ಮೋಲ್ನಾರ್ 386 ಬೆಂಬಲವನ್ನು ತೆಗೆಯುವ ಬದಲಾವಣೆ ಕಳಿಸಿದರು. 1991ರ ಆರಂಭದ ನಿಮ್ಮ 386 ಯಂತ್ರ ಇನ್ನು ಹೊಸ ಕರ್ನೆಲ್ಲಿನಲ್ಲಿ ಏಳುವುದಿಲ್ಲ ಎಂದು ಟೊರ್ವಾಲ್ಡ್ಸ್‌ಗೆ ತಮಾಷೆಯಾಗಿ ನೆನಪಿಸಿದರು. ಟೊರ್ವಾಲ್ಡ್ಸ್ ತಮಗೆ ಆ ಬಗ್ಗೆ ಭಾವುಕತೆಯೇನೂ ಇಲ್ಲವೆಂದು ಹೇಳಿ ಬದಲಾವಣೆಯನ್ನು ಒಪ್ಪಿಕೊಂಡರು. 2013ರ ಫೆಬ್ರವರಿಯಲ್ಲಿ ಬಂದ ಲಿನಕ್ಸ್ 3.8ರಿಂದ, ಲಿನಕ್ಸ್ ಹುಟ್ಟಿದ ಯಂತ್ರಕ್ಕೇ ಲಿನಕ್ಸ್ ಇಲ್ಲವಾಯಿತು. ಇಂಟೆಲ್ ಆ ಚಿಪ್ಪು ಮಾಡುವುದನ್ನು ನಿಲ್ಲಿಸಿದ್ದು 2007ರಲ್ಲಿ. 2025ರ ಏಪ್ರಿಲಿನಲ್ಲಿ ಅದೇ ಮೋಲ್ನಾರ್ 486 ಮತ್ತು ಆರಂಭದ ಕೆಲವು 586 ಚಿಪ್ಪುಗಳನ್ನೂ ತೆಗೆಯುವ ಪ್ರಸ್ತಾವ ಮುಂದಿಟ್ಟರು. ಇಂಥ ತೀರ್ಮಾನಗಳನ್ನು ಕಟುಕತನ ಎಂದು ನಾನು ಹೇಳುವುದಿಲ್ಲ. ಯಾರ್ಡಿನಲ್ಲಿ ದಿನವೂ ದುಡಿಯುವವರ ಹೊರೆಯನ್ನು ಲೆಕ್ಕಕ್ಕೆ ಹಿಡಿಯದೆ ಹಳೆಯದನ್ನು ಉಳಿಸಿ ಎನ್ನುವುದು ಸರಿಯಲ್ಲ.

ಕರ್ನೆಲ್ ಬರೆಯುವ ಇದೇ ಜನ ಹಳೆ ಯಂತ್ರಗಳಿಗಾಗಿ ಪಟ್ಟ ಶ್ರಮವನ್ನೂ ಹೇಳಬೇಕು. 32 ಬಿಟ್‌ನ ಯಂತ್ರಗಳು ಸಮಯವನ್ನು 1970ರಿಂದ ಸೆಕೆಂಡುಗಳಲ್ಲಿ ಎಣಿಸುತ್ತ ಬಂದಿವೆ. ಆ ಎಣಿಕೆಯ ಜಾಗ 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬಿಹೋಗುತ್ತದೆ. ಮರುಕ್ಷಣ ತಾರೀಕು 1901ಕ್ಕೆ ಹಾರುತ್ತದೆ. ಆರ್ನ್ಡ್ ಬರ್ಗ್‌ಮನ್ ಮತ್ತು ಜೊತೆಗಾರರು ಹಲವು ವರ್ಷ ಕೂತು ಕರ್ನೆಲ್ಲಿನ ಮೂಲೆಮೂಲೆಯಲ್ಲಿ ಅದನ್ನು ತಿದ್ದಿದರು. 2020ರ ಲಿನಕ್ಸ್ 5.6ರ ಹೊತ್ತಿಗೆ 32 ಬಿಟ್‌ ಯಂತ್ರಗಳೂ 2038ನ್ನು ದಾಟಬಲ್ಲ ಸ್ಥಿತಿಗೆ ಬಂದವು. ಎಂಟು ಪ್ರೊಸೆಸರುಗಳನ್ನು ತೆಗೆದ ಕೈಯೂ ಬರ್ಗ್‌ಮನ್ ಅವರದೇ. ತೆಗೆಯುವವರೂ ಉಳಿಸುವವರೂ ಬೇರೆಬೇರೆ ಪಂಗಡದವರಲ್ಲ.

ಹಳೆ ಬಾಗಿಲು, ಹೊಸ ಕಳ್ಳ

ಇನ್ನೊಂದು ಖರ್ಚು ಭದ್ರತೆಯದು. ಯಾರೂ ನೋಡದ ಕೋಡಿನಲ್ಲಿ ದೋಷ ಅಡಗಿ ಕೂರುತ್ತದೆ. 2015ರ ಮೇ ತಿಂಗಳಲ್ಲಿ ವೆನಮ್ ಎಂಬ ಹೆಸರಿನ ದೋಷ ಬಯಲಾಯಿತು. ಒಂದೇ ಸರ್ವರಿನಲ್ಲಿ ಹಲವು ಕಂಪ್ಯೂಟರುಗಳನ್ನು ಸೋಗು ಹಾಕಿಸಿ ನಡೆಸುವ ಕ್ಯೂಎಮು ಎಂಬ ತಂತ್ರಾಂಶದಲ್ಲಿ, ಫ್ಲಾಪಿ ಡ್ರೈವನ್ನು ನಟಿಸುವ ಭಾಗದಲ್ಲಿ ಅದಿತ್ತು. ಫ್ಲಾಪಿಯನ್ನು ಬಳಸುವುದೇ ನಿಂತ ಕಾಲದಲ್ಲಿ, ಆ ಫ್ಲಾಪಿಯ ಕೋಡಿನ ಮೂಲಕ ಒಬ್ಬ ಗಿರಾಕಿಯ ಸೋಗಿನ ಯಂತ್ರದಿಂದ ಹೊರಬಿದ್ದು ಇಡೀ ಸರ್ವರಿಗೆ ನುಗ್ಗುವ ದಾರಿ ತೆರೆದಿತ್ತು. 2004ರಿಂದ ಆ ದೋಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಹಳೆ ಯಂತ್ರಕ್ಕೆ ರಕ್ಷಣೆ ತಡವಾಗಿ ಬರುವುದೂ ಉಂಟು. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ದೋಷ ಸುದ್ದಿಯಾದಾಗ 64 ಬಿಟ್‌ ಇಂಟೆಲ್ ಯಂತ್ರಗಳಿಗೆ ಕರ್ನೆಲ್ ತಿದ್ದುಪಡಿ ಕೂಡಲೇ ಸಿಕ್ಕಿತು. 32 ಬಿಟ್‌ ಕರ್ನೆಲ್ಲಿಗೆ ಅದೇ ರಕ್ಷಣೆ ಬಂದದ್ದು ಆ ವರ್ಷ ಅಕ್ಟೋಬರಿನಲ್ಲಿ, ಲಿನಕ್ಸ್ 4.19ರೊಂದಿಗೆ. ಬೆಂಬಲವಿದೆ ಎಂಬ ಮಾತಿಗೆ ಎಷ್ಟು ಬೆಲೆ ಎಂದು ಇಂಥ ಹೊತ್ತಿನಲ್ಲಿ ತಿಳಿಯುತ್ತದೆ.

ಅನಾಥವಾದ ಫ್ಲಾಪಿ

ಕರ್ನೆಲ್ಲಿನ ಜೊತೆಗೆ 'ಮೇಂಟೇನರ್ಸ್' ಎಂಬ ಒಂದು ಉದ್ದನೆಯ ಕಡತ ಬರುತ್ತದೆ. ನಮ್ಮ ತಹಶೀಲ್ ಕಚೇರಿಯ ಉತಾರೆಯಂತೆ ಯಾವ ಭಾಗ ಯಾರ ಹೆಸರಿನಲ್ಲಿದೆ ಎಂದು ಅದರಲ್ಲಿ ದಾಖಲಾಗಿರುತ್ತದೆ. ಪ್ರತಿ ಭಾಗದ ಎದುರು 'ಎಸ್' ಅಕ್ಷರ ಬರೆದು ಅದರ ಸ್ಥಿತಿ ನಮೂದಿಸುತ್ತಾರೆ. 'ಸಪೋರ್ಟೆಡ್' ಎಂದರೆ ಸಂಬಳ ಪಡೆದು ನೋಡಿಕೊಳ್ಳುವವರಿದ್ದಾರೆ. 'ಮೇಂಟೇನ್ಡ್' ಎಂದರೆ ನೋಡಿಕೊಳ್ಳುವವರು ಇದ್ದಾರೆ. 'ಆಡ್ ಫಿಕ್ಸಸ್' ಎಂದರೆ ಹೆಸರಿಗೆ ಒಬ್ಬರಿದ್ದಾರೆ, ಬಿಡುವಾದಾಗ ಅಷ್ಟಿಷ್ಟು ತಿದ್ದುತ್ತಾರೆ. 'ಆರ್ಫನ್' ಎಂದರೆ ಯಾರೂ ಇಲ್ಲ.

2019ರಲ್ಲಿ ಫ್ಲಾಪಿ ಡ್ರೈವರಿನ ಎದುರು 'ಆರ್ಫನ್' ಎಂದು ಬರೆಯಲಾಯಿತು. ಅದನ್ನು ನೋಡಿಕೊಳ್ಳುತ್ತಿದ್ದ ಯಿರಿ ಕೊಸಿನಾ ಅವರ ಬಳಿ ಕೆಲಸ ಮಾಡುವ ಫ್ಲಾಪಿ ಡ್ರೈವ್ ಉಳಿದಿರಲಿಲ್ಲ. ಇನ್ನು ಅದರ ಕಥೆ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು. ಆ ಹೊತ್ತಿಗೆ ಅದರ ಭದ್ರತಾ ದೋಷಗಳನ್ನು ತಿದ್ದುತ್ತಿದ್ದ ಡೆನಿಸ್ ಎಫ್ರೆಮೋವ್ ಮುಂದೆ ಹೊಣೆ ಹೊತ್ತುಕೊಂಡರು, ಹಳೆ ಕೋಡನ್ನು ಗುಡಿಸಿ ಒಪ್ಪಮಾಡಿದರು. ಕಡತದಲ್ಲಿ ಅದರ ಎದುರು ಮತ್ತೆ ಒಂದು ಹೆಸರು ಬಂತು. ಅನಾಥ ಡ್ರೈವರನ್ನು ದತ್ತು ತೆಗೆದುಕೊಳ್ಳಲು ಒಬ್ಬ ಮನುಷ್ಯ ಸಾಕಾಯಿತು.

ಕರ್ನೆಲ್ ಬಳಗದಲ್ಲಿ ಒಂದು ಕಟ್ಟುನಿಟ್ಟಿನ ಮಾತಿದೆ: ಹಿಂದಿನ ಆವೃತ್ತಿಯಲ್ಲಿ ನಡೆಯುತ್ತಿದ್ದುದು ಹೊಸದರಲ್ಲಿ ನಿಲ್ಲಬಾರದು, ನಿಂತರೆ ಅದನ್ನು ತಿದ್ದಬೇಕು, ಇಲ್ಲವೇ ಹೊಸ ಬದಲಾವಣೆಯನ್ನು ಹಿಂತೆಗೆದುಕೊಳ್ಳಬೇಕು. ಬಳಕೆದಾರನ ಪಾಲಿಗೆ ಇದಕ್ಕಿಂತ ದೊಡ್ಡ ಭರವಸೆಯಿಲ್ಲ. ಆದರೆ ಅದಕ್ಕೆ ಒಂದು ಷರತ್ತು ಅಂಟಿಕೊಂಡಿದೆ. ನಿಂತುಹೋಯಿತು ಎಂದು ಯಾರಾದರೂ ಹೇಳಬೇಕು, ಬೇಗ ಹೇಳಬೇಕು. ಐದು ವರ್ಷ ಕೆಟ್ಟಿದ್ದರೂ ಯಾರೂ ದೂರದಿದ್ದರೆ, ಅದನ್ನು ಬಳಸುವವರೇ ಇಲ್ಲವೆಂದು ತೀರ್ಪಾಗುತ್ತದೆ. 'ಐದು ವರ್ಷದಿಂದ ಕೆಟ್ಟಿದೆ' ಎಂಬ ಒಂದು ಸಾಲೇ ಎಷ್ಟೋ ಡ್ರೈವರುಗಳಿಗೆ ಮರಣಪತ್ರವಾಗಿದೆ.

ನಮ್ಮ ಮೌನ

ಈಗ ನಮ್ಮ ಕಡೆ ಬರೋಣ. ನಮ್ಮ ಭಾಗದಲ್ಲಿ ಹಳೆ ಯಂತ್ರ ಕೆಟ್ಟರೆ ಏನಾಗುತ್ತದೆ? ರಿಪೇರಿ ಅಂಗಡಿಗೆ ಹೋಗುತ್ತದೆ. ಅಲ್ಲಿಯ ಹುಡುಗ ರ‍್ಯಾಮ್ ತೆಗೆದು ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸುತ್ತಾನೆ, ಬೇರೊಂದು ಸತ್ತ ಬೋರ್ಡಿನಿಂದ ಬಿಡಿಭಾಗ ಕಿತ್ತು ಬೆಸೆಯುತ್ತಾನೆ, ಯಂತ್ರ ಮತ್ತೆ ನಡೆಯುತ್ತದೆ. ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದರೆ ಪ್ರಿಂಟರು ನಿಂತಿತೇ? ಹಳೆಯದನ್ನೇ ಮರಳಿ ಹಾಕುತ್ತಾನೆ. ಕೆಲಸ ಮುಗಿಯಿತು, ಗಿರಾಕಿ ಖುಷಿ. ಆ ಕೈಚಳಕಕ್ಕೆ ನಾನು ತಲೆಬಾಗುತ್ತೇನೆ. ಆದರೆ ಪ್ರಿಂಟರು ನಿಂತ ಸುದ್ದಿ ಅಂಗಡಿಯ ಮೆಟ್ಟಿಲು ದಾಟುವುದಿಲ್ಲ. ಕರ್ನೆಲ್ ಬರೆಯುವವರ ಲೆಕ್ಕದಲ್ಲಿ ಸಾಂಗ್ಲಿಯಲ್ಲಿ ಅಂಥ ಪ್ರಿಂಟರೇ ಇಲ್ಲ. ಹಳೆ ಯಂತ್ರವನ್ನು ಅನಿವಾರ್ಯವಾಗಿ ಬಳಸುವವರು ನಮ್ಮಂಥ ಊರುಗಳಲ್ಲಿ ಹೆಚ್ಚು, ಸಾಕ್ಷಿ ಹೇಳುವವರು ಯೂರೋಪಿನ ಹವ್ಯಾಸಿಗಳಲ್ಲಿ ಹೆಚ್ಚು. ಹೀಗಾಗಿ ಅಮಿಗಾ ಉಳಿಯುತ್ತದೆ, ನಮ್ಮ ಸೊಸೈಟಿಯ ಕಂಪ್ಯೂಟರಿನ ಗತಿ ಏನೆಂದು ಕೇಳುವವರಿರುವುದಿಲ್ಲ.

ಇದು ಈಗ ಅವಸರದ ಮಾತೂ ಆಗಿದೆ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಭಾಗ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ಪೀಳಿಗೆ ಮತ್ತು ಅದರ ನಂತರದ ಪ್ರೊಸೆಸರೇ ಬೇಕು. 2015ರಲ್ಲಿ ಶಾಲೆಗೆ ಕೊಂಡ ಗಟ್ಟಿಮುಟ್ಟಾದ ಯಂತ್ರ ಈ ಗೆರೆಯ ಆಚೆ ಉಳಿಯಿತು. ಅದನ್ನು ಗುಜರಿಗೆ ಹಾಕಬೇಕಾಗಿಲ್ಲ. ಅದು 64 ಬಿಟ್‌ ಯಂತ್ರ, ಇಂದಿನ ಲಿನಕ್ಸ್ ಅದರ ಮೇಲೆ ಸಲೀಸಾಗಿ ಓಡುತ್ತದೆ. ಅದಕ್ಕೂ ಹಳೆಯ 32 ಬಿಟ್‌ ಪೆಂಟಿಯಂಗಳ ಮಾತು ಬೇರೆ. ಲಿನಕ್ಸ್ ಕರ್ನೆಲ್ಲಿನ ಮೇಲೆ ಪೂರ್ತಿ ವ್ಯವಸ್ಥೆ ಕಟ್ಟಿ ಹಂಚುವವುಗಳಲ್ಲಿ ಒಂದಾದ ಉಬುಂಟು 2017ರಲ್ಲೇ ಅವುಗಳಿಗೆ ಡೆಸ್ಕ್‌ಟಾಪ್ ಇನ್‌ಸ್ಟಾಲರ್ ಕೊಡುವುದನ್ನು ಬಿಟ್ಟಿತು. ಅಂಥದೇ ಇನ್ನೊಂದು, 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್‌ ಪಿಸಿಗಳ ಕರ್ನೆಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಡೆಬಿಯನ್ 12 ಹಾಕಿಕೊಂಡರೆ ದೀರ್ಘಾವಧಿ ಬೆಂಬಲ 2028ರ ಜೂನ್ ತನಕ ಇದೆ. ಕರ್ನೆಲ್ಲಿನಲ್ಲಿ 32 ಬಿಟ್‌ ಇನ್ನೂ ಇದ್ದರೂ, ಅದನ್ನು ಕಟ್ಟಿ ನಮ್ಮ ಕೈಗೆ ಕೊಡುವವರು ಕಡಿಮೆಯಾಗುತ್ತಿದ್ದಾರೆ.

ಒಟ್ಟಾದ ದನಿಗೆ ಎಷ್ಟು ಬಲವಿದೆ ಎಂಬುದಕ್ಕೆ ಇನ್ನೊಂದು ಗಡಿನಾಡನ್ನು ನೋಡಿ. ಕೇರಳದಲ್ಲಿ 2001ರಲ್ಲಿ ಐಟಿ@ಸ್ಕೂಲ್ ಎಂದು ಶುರುವಾದ ಯೋಜನೆ 2017ರಲ್ಲಿ ಕೈಟ್ ಎಂಬ ಸರಕಾರಿ ಸಂಸ್ಥೆಯಾಯಿತು. ಅದು ಉಬುಂಟುವನ್ನು ಆಧರಿಸಿ ಶಾಲೆಗಳಿಗೆಂದೇ ತನ್ನದೊಂದು ಲಿನಕ್ಸ್ ಸಿದ್ಧಪಡಿಸುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಐಸಿಟಿ ಪಾಠವನ್ನು ಕನ್ನಡ ಪುಸ್ತಕದಲ್ಲೇ ಓದಿ ಅದೇ ಲಿನಕ್ಸ್ ಮೇಲೆ ಕಲಿಯುತ್ತಾರೆ. ಒಂದು ಶಾಲೆಯ ಒಂದು ಯಂತ್ರದಲ್ಲಿ ತೊಂದರೆಯಾದರೆ ಅದನ್ನು ಒಯ್ದು ಮುಟ್ಟಿಸುವ ಒಂದು ಸಂಸ್ಥೆ ಅಲ್ಲಿದೆ. ಸಾಂಗ್ಲಿ ಜಿಲ್ಲೆಯ ನಮ್ಮ ಕನ್ನಡ ಶಾಲೆಗಳಿಗೆ ಪಠ್ಯಪುಸ್ತಕ ಪುಣೆಯ ಬಾಲಭಾರತಿಯಿಂದ ಕನ್ನಡದಲ್ಲೇ ಬರುತ್ತದೆ. ಕಂಪ್ಯೂಟರಿನ ವಿಷಯದಲ್ಲಿ ಒಬ್ಬೊಬ್ಬ ಗುರುಗಳೂ ಒಂಟಿ.

ಯಂತ್ರಕ್ಕಿಂತ ಮೊದಲು ದಾಖಲೆ

ಕನ್ನಡಿಗರು ಮರೆಯಬಾರದ ಒಂದು ಹಳೆ ಹಾರ್ಡ್‌ವೇರ್ ಇದೆ. 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡು. ಆಗಿನ ಪಿಸಿಗಳ ಆಪರೇಟಿಂಗ್ ಸಿಸ್ಟಮ್ ಡಾಸ್‌ಗೆ ಕನ್ನಡ ಬರುತ್ತಿರಲಿಲ್ಲ. ಪಿಸಿಯ ಐಎಸ್‌ಎ ಸ್ಲಾಟಿಗೆ ಈ ಕಾರ್ಡು ಚುಚ್ಚಿದರೆ ಪರದೆಯ ಮೇಲೆ ಭಾರತೀಯ ಲಿಪಿ ಮೂಡಿಸುವ ಕೆಲಸವನ್ನು ಕಾರ್ಡೇ ಮಾಡುತ್ತಿತ್ತು. ಒಳಗೆ ಅಕ್ಷರಗಳು ಇಸ್ಕಿ ಎಂಬ ಸಂಕೇತದಲ್ಲಿ ಕೂರುತ್ತಿದ್ದವು. 1991ರಲ್ಲಿ ಅದು ಐಎಸ್ 13194 ಎಂಬ ಭಾರತೀಯ ಮಾನಕವಾಯಿತು. ಬ್ರಾಹ್ಮಿಯಿಂದ ಬಂದ ಲಿಪಿಗಳಿಗೆಲ್ಲ ಒಂದೇ ಸಂಕೇತ ಎಂಬುದು ಇಸ್ಕಿಯ ಜಾಣತನ. ಕನ್ನಡದಲ್ಲಿ ಬೆರಳಚ್ಚಿಸಿದ ಹೆಸರಿನ ಪಟ್ಟಿಯನ್ನು ಲಿಪಿ ಬದಲಿಸಿ ದೇವನಾಗರಿಯಲ್ಲಿ ಓದಬಹುದಿತ್ತು. ಎರಡೂ ಲಿಪಿ ದಿನವೂ ಬೇಕಾಗುವ ನಮ್ಮಂಥ ಊರಿಗೆ ಹೇಳಿ ಮಾಡಿಸಿದ ಸೌಲಭ್ಯ.

ಇಂದಿನ ಮದರ್‌ಬೋರ್ಡುಗಳಲ್ಲಿ ಐಎಸ್‌ಎ ಸ್ಲಾಟೇ ಇಲ್ಲ. ಜಿಸ್ಟ್ ಕಾರ್ಡಿಗೆ ಕರ್ನೆಲ್ ಬೆಂಬಲ ಬೇಕು ಎಂದು ನಾನು ಯಾರನ್ನೂ ಕೇಳುವುದಿಲ್ಲ. ಯುನಿಕೋಡಿನ ಕನ್ನಡ ಭಾಗ ಇಸ್ಕಿಯ ವಿನ್ಯಾಸವನ್ನೇ ಆಧರಿಸಿದೆ. ಇಸ್ಕಿಯಿಂದ ಯುನಿಕೋಡಿಗೆ ಬದಲಿಸುವ ಸಾಧನ ಐಸಿಯು ಎಂಬ ಮುಕ್ತ ತಂತ್ರಾಂಶ ಭಂಡಾರದಲ್ಲಿ ಸಿದ್ಧವಿದೆ. ಕಾರ್ಡು ಹೋಗಲಿ, ಅದರ ಮೂಲಕ ಬರೆದ ಪಟ್ಟಿ, ಲೆಕ್ಕ, ಹಸ್ತಪ್ರತಿ ಉಳಿಯಲಿ. 2005ರಲ್ಲಿ, 2019ರಲ್ಲಿ ಕೃಷ್ಣೆ ಉಕ್ಕಿದಾಗ ಈ ಊರು ಕಂಡದ್ದನ್ನು ನಾನು ನಿಮಗೆ ಹೇಳಬೇಕಿಲ್ಲ. ನೆಲಮಟ್ಟದ ಕೋಣೆಯ ಹಾರ್ಡ್‌ಡಿಸ್ಕಿನಲ್ಲಿ ಒಂದೇ ಪ್ರತಿ ಇಟ್ಟುಕೊಂಡವರಿಗೆ ಯಾವ ಕರ್ನೆಲ್ಲೂ ನೆರವಾಗದು.

ಮಾಡಬಹುದಾದದ್ದು

ಕೊನೆಗೆ ಕೆಲಸದ ಮಾತು. ಲಿನಕ್ಸ್ ಕರ್ನೆಲ್ಲಿನ ಹೊಸ ಆವೃತ್ತಿ ಒಂಬತ್ತು ಹತ್ತು ವಾರಕ್ಕೊಮ್ಮೆ ಬರುತ್ತದೆ, ವರ್ಷಕ್ಕೆ ಐದಾರು. ಪ್ರತಿಯೊಂದಕ್ಕೂ ಮೊದಲು ವಾರಕ್ಕೊಂದರಂತೆ ಪರೀಕ್ಷಾ ಆವೃತ್ತಿಗಳು ಹೊರಬರುತ್ತವೆ. ಅವುಗಳಲ್ಲಿ ಒಂದನ್ನು ನಮ್ಮ ಹಳೆ ಯಂತ್ರಕ್ಕೆ ಹಾಕಿ ನೋಡಿ, ನಡೆದರೆ ನಡೆಯಿತು ಎಂದೂ ಕೆಟ್ಟರೆ ಕೆಟ್ಟಿತು ಎಂದೂ ತಿಳಿಸಬೇಕು. ಸೊಗಸಾದ ಇಂಗ್ಲಿಷ್ ಬೇಡ. ಯಂತ್ರದ ಹೆಸರು, ಕರ್ನೆಲ್ ಆವೃತ್ತಿ, ಯಾವ ಭಾಗ ನಿಂತಿತು, ಶುರುವಾಗುವಾಗ ಕರ್ನೆಲ್ ತಾನೇ ಬರೆದಿಟ್ಟ ಸಂದೇಶಗಳು, ಇಷ್ಟಿದ್ದರೆ ಸಾಕು. ಯಾವ ಬದಲಾವಣೆಯಿಂದ ಕೆಟ್ಟಿತು ಎಂದು ಹುಡುಕುವುದಕ್ಕೂ ದಾರಿಯಿದೆ. ಒಂದು ಆವೃತ್ತಿಯಲ್ಲಿ ಹದಿಮೂರು ಹದಿನಾಲ್ಕು ಸಾವಿರ ಬದಲಾವಣೆಗಳಿರುತ್ತವೆ. ನಡುವಿನ ಒಂದನ್ನು ಹಿಡಿದು ಪರೀಕ್ಷಿಸಿ, ಕೆಟ್ಟ ಅರ್ಧವನ್ನು ಇಟ್ಟುಕೊಂಡು ಒಳ್ಳೆಯ ಅರ್ಧವನ್ನು ಬಿಡುತ್ತ ಹೋದರೆ ಸುಮಾರು ಹದಿನಾಲ್ಕು ಸಲದಲ್ಲಿ ತಪ್ಪು ಮಾಡಿದ ಒಂದೇ ಬದಲಾವಣೆ ಕೈಗೆ ಸಿಗುತ್ತದೆ. ಒಬ್ಬ ಉತ್ಸಾಹಿ ವಿದ್ಯಾರ್ಥಿಗೆ ಒಂದು ವಾರಾಂತ್ಯದ ಕೆಲಸ.

ವಿದ್ಯಾರ್ಥಿಗಳು ನಮ್ಮಲ್ಲೇ ಇದ್ದಾರೆ. ಸಾಂಗ್ಲಿಯ ವಾಲ್‌ಚಂದ್ ಎಂಜಿನಿಯರಿಂಗ್ ಕಾಲೇಜು 1947ರಿಂದ ಇಲ್ಲಿದೆ, ಅಲ್ಲಿಯ ವಿದ್ಯಾರ್ಥಿಗಳದೇ ಒಂದು ಲಿನಕ್ಸ್ ಬಳಗವಿದೆ. ಅವರ ಹತ್ತಿರ ಕರ್ನೆಲ್ ಕಟ್ಟಬಲ್ಲ ವೇಗದ ಯಂತ್ರಗಳಿವೆ, ನಮ್ಮ ಹತ್ತಿರ ಪರೀಕ್ಷೆಗೆ ಬೇಕಾದ ಹಳೆ ಯಂತ್ರಗಳಿವೆ. ನಡುವೆ ಪರಿಚಯ ಆಗಬೇಕಷ್ಟೇ.

ದತ್ತಿಯ ಹಿರಿಯರಲ್ಲಿ ನನ್ನದೊಂದು ಬಿನ್ನಹ. ವರ್ಷಕ್ಕೊಂದು ಉಪನ್ಯಾಸಕ್ಕೆ ಬಡ್ಡಿಯೆಲ್ಲ ಖರ್ಚಾಗದು. ಉಳಿದದ್ದರಲ್ಲಿ ಒಂದು ಯಾದಿ ತಯಾರಿಸಿ: ಈ ತಾಲ್ಲೂಕಿನ ಕನ್ನಡ ಶಾಲೆ, ಸೊಸೈಟಿ, ಗ್ರಂಥಾಲಯಗಳಲ್ಲಿ ಯಾವ ಯಂತ್ರವಿದೆ, ಯಾವ ಪ್ರೊಸೆಸರು, ಯಾವ ಪ್ರಿಂಟರು, ಎಷ್ಟು ಬಿಟ್‌. ಆ ಯಾದಿ ಮೂರು ಪಾಲಾಗಲಿ. ಹೊಸ ಲಿನಕ್ಸ್ ಹಾಕಿ ಮುಂದುವರಿಸಬಹುದಾದವು ಒಂದು ಪಾಲು. ಬದಲಿಲ್ಲದ ಕಾರಣ ನಾವೇ ನಿಂತು ಪರೀಕ್ಷಿಸಿ ಸಾಕ್ಷಿ ಹೇಳಬೇಕಾದವು ಎರಡನೆಯದು, ಅವು ಬೆರಳೆಣಿಕೆಯಷ್ಟೇ ಇರುತ್ತವೆ. ಒಳಗಿನ ದಾಖಲೆ ಯುನಿಕೋಡಿಗೆ ಇಳಿಸಿಕೊಂಡು ಬೀಳ್ಕೊಡಬೇಕಾದವು ಮೂರನೆಯದು. ಎಲ್ಲವನ್ನೂ ಉಳಿಸುತ್ತೇವೆ ಎಂದು ಹಟ ಹಿಡಿದರೆ ಯಾವುದೂ ಉಳಿಯದು. ಎರಡನೆಯ ಪಾಲಿನ ಒಂದೊಂದು ಯಂತ್ರಕ್ಕೂ ಒಬ್ಬೊಬ್ಬರ ಹೆಸರು ಬರೆದುಕೊಂಡರೆ, ಮುಂದೆ ಅದನ್ನು ತೆಗೆಯುವ ಪ್ರಸ್ತಾವ ಬಂದ ದಿನ, ಬಳಸುವವರು ಯಾರಾದರೂ ಇದ್ದಾರೆಯೇ ಎಂಬ ಪ್ರಶ್ನೆಗೆ ಸಾಂಗ್ಲಿಯಿಂದಲೂ ಉತ್ತರ ಹೋಗುತ್ತದೆ.

ಯಾದಿಯ ಕೆಲಸಕ್ಕೆ ಬರುವವರು ಸಂಘಟಕರ ಹತ್ತಿರ ಹೆಸರು ಕೊಟ್ಟು ಹೋಗಬೇಕೆಂದು ಕೋರುತ್ತೇನೆ.